ಅಂಕಿತವಿಲ್ಲದ ಹಾಡು, ಹೆಸರಿಲ್ಲದ ಕಂಠ

ರಘು ದೀಕ್ಷಿತ್ ಅವರ ಮೊದಲ ಆಲ್ಬಂ 2008ರಲ್ಲಿ ಬಂದಾಗ ಅದರಲ್ಲಿ ಶಿಶುನಾಳ ಷರೀಫರ ಪದಗಳಿದ್ದವು. ಗಿಟಾರು, ಡ್ರಮ್ಮು ಸೇರಿ ಹಾಡಿನ ಮೈಕಟ್ಟೇ ಬದಲಾಗಿತ್ತು. ಆದರೂ ಷರೀಫರು ಅಳಿಸಿಹೋಗಲಿಲ್ಲ. ಅವರ ಪದಗಳಲ್ಲಿ ಶಿಶುನಾಳಾಧೀಶನ ಅಂಕಿತವಿದೆ. ಹಾಡುವವರು ಮರೆತರೂ ಹಾಡು ಮರೆಯುವುದಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಹಾಡುಗಳಿಗೆ ಈ ರಕ್ಷೆ ಕಡಿಮೆ. ಗದ್ದೆಯ ನಟ್ಟಿ ಹಾಡಿಗೆ ಅಂಕಿತವಿಲ್ಲ, ಬಾರ್ಕೂರು ಸೀಮೆಯ ಕುಡುಬಿಯರು ಗುಮಟೆ ಬಡಿದು ಹೇಳುವ ಹೋಳಿ ಪದಕ್ಕೂ ಇಲ್ಲ. ಇಂಥ ಹಾಡನ್ನು ತನ್ನ ಚೊಚ್ಚಲ ಆಲ್ಬಮ್ಮಿಗೆ ತರುವ ಯುವ ಗಾಯಕಿಯೊಬ್ಬಳು ‘ಸಾಹಿತ್ಯ: ಜನಪದ’ ಎಂದಷ್ಟೇ ಬರೆದು ಮುಗಿಸಬಹುದೇ? ಮುಗಿಸಬಾರದು ಎಂದೇ ನನ್ನ ವಾದ. ರಾಗ, ಲಯ, ವಾದ್ಯ ಏನನ್ನು ಬದಲಿಸಲೂ ಆಕೆಗೆ ಪೂರ್ಣ ಸ್ವಾತಂತ್ರ್ಯವಿದೆ. ಕಲಿಸಿದವರ ಹೆಸರನ್ನು ಕೈಬಿಡುವ ಸ್ವಾತಂತ್ರ್ಯ ಮಾತ್ರ ಇಲ್ಲ.

2022ರ ‘ಕಾಂತಾರ’ದ ಎರಡು ಹಾಡುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ‘ವರಾಹ ರೂಪಂ’ ತಮ್ಮ ‘ನವರಸಂ’ ಹಾಡಿನ ನಕಲು ಎಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ಕೋರ್ಟಿಗೆ ಹೋಯಿತು. ಚಿತ್ರತಂಡ ಆರೋಪ ಒಪ್ಪಲಿಲ್ಲ, ಆದರೂ ಕೋಝಿಕ್ಕೋಡ್ ನ್ಯಾಯಾಲಯದ ತಡೆಯಿಂದ ಹಾಡು ಕೆಲಕಾಲ ಹಿಂದೆ ಸರಿಯಬೇಕಾಯಿತು. ಯಾರು ಸರಿ ಎಂಬ ತೀರ್ಪು ನನ್ನದಲ್ಲ. ನಾನು ಗಮನಿಸುವುದು ಇಷ್ಟು: ದೂರು ಕೊಡಲು ಅಲ್ಲೊಂದು ಹೆಸರಿತ್ತು, ಆಲ್ಬಮ್ಮಿತ್ತು, ವಕೀಲರಿದ್ದರು. ನಟ್ಟಿ ಹಾಡಿನ ಪರವಾಗಿ ಯಾರು ಹೋಗುತ್ತಾರೆ? ಅದೇ ಚಿತ್ರದ ‘ಸಿಂಗಾರ ಸಿರಿಯೆ’ಯಲ್ಲಿ ಪ್ರಮೋದ್ ಮರವಂತೆಯವರ ಸಾಹಿತ್ಯವಿದೆ, ವಿಜಯ್ ಪ್ರಕಾಶ್, ಅನನ್ಯಾ ಭಟ್ ಜೊತೆಗೆ ಗಾಯಕರ ಸಾಲಿನಲ್ಲಿ ನಾಗರಾಜ ಪಾಣಾರ ವಾಳ್ತೂರು ಎಂಬ ಹೆಸರೂ ಇದೆ. ಊರು ಸಮೇತ! ಅಷ್ಟು ದೊಡ್ಡ ಸಿನಿಮಾಕ್ಕೆ ಭಾರವಾಗದ ಹೆಸರು ಒಬ್ಬಳ ಆಲ್ಬಮ್ಮಿಗೆ ಭಾರವಾಗಲಾರದು.

ಜನಪದ ಎಲ್ಲರ ಸೊತ್ತು, ಹೆಸರು ಹಚ್ಚಿದರೆ ಅದು ಒಬ್ಬರದಾಗಿಬಿಡುತ್ತದೆ ಎನ್ನುವವರಿದ್ದಾರೆ. ಮಾತು ತೂಕದ್ದೇ. ಪದ ಎಲ್ಲರದು ನಿಜ, ಆದರೆ ಕಂಠ ಎಲ್ಲರದಲ್ಲ. 2012ರ ತಿದ್ದುಪಡಿಯ ನಂತರ ನಮ್ಮ ಕೃತಿಸ್ವಾಮ್ಯ ಕಾಯ್ದೆಯೂ ಹಾಡಿದವರಿಗೆ ತಮ್ಮ ಹೆಸರು ಹೇಳಿಸಿಕೊಳ್ಳುವ ಹಕ್ಕು ಕೊಟ್ಟಿದೆ. ಮುದುಕಿಯೊಬ್ಬಳ ದನಿಯನ್ನು ಫೋನಿನಲ್ಲಿ ಹಿಡಿದು ಹಾಡಿನೊಳಗೆ ಸೇರಿಸಿದರೆ ಆಕೆಯೂ ಗಾಯಕಿಯೇ. ಆಕೆಯಿಂದ ಬರೀ ಕಲಿತು ಹಾಡಿದರೆ ಕಾನೂನು ಸುಮ್ಮನಿರುತ್ತದೆ. ಅಲ್ಲಿ ಋಣ ಮಾತಾಡಬೇಕು. ಕೇರಿಗೊಂದು ಪಾಠವಿರುವಾಗ ಯಾರ ಹೆಸರು ಹಾಕುವುದು ಎಂಬ ಪ್ರಶ್ನೆ ಇನ್ನೊಂದು. ಕಲಿಸಿದವರೇ ಕಟ್ಟಿದ್ದು ಎನ್ನಬೇಕಿಲ್ಲ, ಇಂಥ ಊರಿನ ಇಂಥವರಿಂದ ಕಲಿತದ್ದು ಎಂದರೆ ಸಾಕು. ಈ ಪದ್ಧತಿ ನಮ್ಮ ನೆಲಕ್ಕೆ ಹೊಸತೂ ಅಲ್ಲ. ಬ್ರಹ್ಮಾವರದ ಆಸುಪಾಸಿನ ಹಾರಾಡಿ, ಮಟಪಾಡಿ ಎರಡೂ ಊರುಗಳು ಬಡಗುತಿಟ್ಟಿನ ಕುಣಿತದ ಶೈಲಿಗೆ ಹೆಸರು ಕೊಟ್ಟಿವೆ. ಅದರಿಂದ ಯಕ್ಷಗಾನವೇನೂ ಹೆಪ್ಪುಗಟ್ಟಲಿಲ್ಲ. ಹೆಜ್ಜೆ ಎಲ್ಲಿಯದೆಂದು ಗುರುತಿಸುವ ಪ್ರೇಕ್ಷಕರು ಹುಟ್ಟಿಕೊಂಡರು.

ಕಲಿಸಿದವರಿಗೇ ಹೆಸರು ಬೇಡವಾಗಿದ್ದರೆ? ಕೇಳಿಯೇ ತಿಳಿಯಬೇಕು, ಬೇಡವೆಂದರೆ ಊರಿನ ಹೆಸರಾದರೂ ಇರಲಿ. ಹಾಡು ಬಿಡುಗಡೆ ಮಾಡುವಾಗ ಗಾಯಕರು, ಸಾಹಿತಿ, ಸಂಗೀತ ಸಂಯೋಜಕರು ಎಂಬ ವಿವರಗಳನ್ನು ತುಂಬುತ್ತೇವೆ. ಕಲಿಸಿದವರು ಎಂಬ ಸಾಲನ್ನು ನಾವೇ ಸೇರಿಸಬೇಕು. ಯೂಟ್ಯೂಬಿನ ವಿವರಣೆಯಲ್ಲಿ ಅದಕ್ಕೆ ಬೇಕಾದಷ್ಟು ಜಾಗವಿದೆ.