ಜಾಣ ದೂರದರ್ಶಕ ಮತ್ತು ಯಮಳ ನಕ್ಷತ್ರ

ವಿವಾಹಕಾಲದಲ್ಲಿ ವಧುವಿಗೆ ಅರುಂಧತಿಯನ್ನು ತೋರಿಸುವ ಸಂಪ್ರದಾಯ ಕನ್ನಡನಾಡಿನಲ್ಲಿ ಇಂದಿಗೂ ಉಂಟು. ಮುಹೂರ್ತ ಹಗಲಿನಲ್ಲಿದ್ದರೆ, ಬರಿಯ ನೀಲಾಕಾಶವನ್ನು ನೋಡಿ ವಧೂವರರು ‘ಕಂಡಿತು’ ಎಂದು ತಲೆಯಾಡಿಸುವುದೂ ಉಂಟು! ಸಪ್ತರ್ಷಿ ಮಂಡಲದ ಬಾಲದ ನಡುವಣ ನಕ್ಷತ್ರ ವಸಿಷ್ಠ; ಅದರ ಮಗ್ಗುಲಲ್ಲಿ ಮಂಕಾಗಿ ಮಿನುಗುವುದು ಅರುಂಧತಿ. ಕಾಣದುದನ್ನು ಕಂಡೆನೆನ್ನುವ ಅಭ್ಯಾಸ ಮಂಟಪಕ್ಕಷ್ಟೇ ಸೀಮಿತವಲ್ಲವೆಂಬುದನ್ನು ಈಚೆಗೆ ಬಂದಿರುವ ಜಾಣ ದೂರದರ್ಶಕಗಳು ನೆನಪಿಗೆ ತರುತ್ತವೆ.

ಇವುಗಳಲ್ಲಿ ಹಲವಕ್ಕೆ ಕಣ್ಣಿಟ್ಟು ನೋಡುವ ಮಸೂರವೇ ಇಲ್ಲ. ಮೊಬೈಲ್ ಫೋನಿನಲ್ಲಿ ನಕ್ಷತ್ರದ ಹೆಸರನ್ನು ಆರಿಸಿದರೆ ಸಾಕು. ಯಂತ್ರವು ಆಕಾಶದ ಚಿತ್ರ ತೆಗೆದು, ತನ್ನಲ್ಲಿರುವ ನಕ್ಷೆಯೊಡನೆ ಹೋಲಿಸಿ, ತಾನಾಗಿಯೇ ಗುರಿಯತ್ತ ತಿರುಗುತ್ತದೆ. ಬಳಿಕ ಹಲವು ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸಿ ಪರದೆಯ ಮೇಲೆ ಮೂಡಿಸುತ್ತದೆ. ಇದರಿಂದ ಆಕಾಶವೀಕ್ಷಣೆಯ ತಪಸ್ಸೇ ಕೆಟ್ಟಿತೆಂದು ಕೆಲವರು ಕೊರಗುತ್ತಾರೆ. ಆ ಕೊರಗಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ವಸಿಷ್ಠನೇ ಅಲ್ಲಗಳೆಯುತ್ತಾನೆ.

ಬರಿಗಣ್ಣಿಗೆ ಒಂದಾಗಿ ಕಾಣುವ ವಸಿಷ್ಠನು ದೂರದರ್ಶಕದಲ್ಲಿ ಎರಡಾಗುತ್ತಾನೆ. 1617ರಲ್ಲಿ ಕ್ಯಾಸ್ಟೆಲ್ಲಿ ಎಂಬಾತನು ಈ ನಕ್ಷತ್ರವನ್ನು ನೋಡುವಂತೆ ತನ್ನ ಗುರು ಗೆಲಿಲಿಯೋನನ್ನು ಕೇಳಿಕೊಂಡನು. 1857ರಲ್ಲಿ ಹಾರ್ವರ್ಡ್ ವೀಕ್ಷಣಾಲಯದ ಜಾರ್ಜ್ ಬಾಂಡ್ 15 ಅಂಗುಲದ ದೂರದರ್ಶಕದಿಂದ ಅದರ ಛಾಯಾಚಿತ್ರ ತೆಗೆಸಿದನು. ಛಾಯಾಚಿತ್ರಕ್ಕೆ ಸಿಕ್ಕಿದ ಮೊದಲ ಯಮಳ ನಕ್ಷತ್ರ ಇದೇ. ಬಾಂಡ್ ಚಿತ್ರವನ್ನು ನೋಡಿ ಸಂತೋಷಪಟ್ಟು ಸುಮ್ಮನಾಗಲಿಲ್ಲ; ಆ ಗಾಜಿನ ಫಲಕದ ಮೇಲೆಯೇ ಎರಡು ಚುಕ್ಕೆಗಳ ಅಂತರವನ್ನು ಅಳೆದನು. ಯಂತ್ರವನ್ನು ದೂರುವವರೂ ಹೊಗಳುವವರೂ ಮರೆಯುವುದು ಈ ಅಳತೆಯನ್ನು.

ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಒಂದು ಪಾಲಿಗೆ ವಿಕಲೆಯೆಂದು ಹೆಸರು. ವಸಿಷ್ಠನ ಜೋಡಿಯ ಅಂತರ ಸುಮಾರು 14 ವಿಕಲೆ. 50 ಮಿಲಿಮೀಟರ್ ವ್ಯಾಸದ, 250 ಮಿಲಿಮೀಟರ್ ನಾಭಿದೂರದ ಜಾಣ ದೂರದರ್ಶಕವೊಂದರಲ್ಲಿ ಚಿತ್ರದ ಒಂದೊಂದು ಬಿಂದುವೂ ಸುಮಾರು 2.4 ವಿಕಲೆಯನ್ನು ಆವರಿಸುತ್ತದೆ. ಎಂದರೆ ಆ ಜೋಡಿಯ ನಡುವೆ ಆರೇ ಬಿಂದುಗಳ ಎಡೆ. ಬೆಳಕನ್ನು ಹೆಚ್ಚು ಹೊತ್ತು ಬಿಟ್ಟರೆ ಎರಡೂ ಉಬ್ಬಿ ಒಂದೇ ಬಿಳಿಯ ಮುದ್ದೆಯಾಗುತ್ತವೆ. ರಾಜಹಂಸ ಮಂಡಲದ ಆಲ್ಬಿರಿಯೋ ಜೋಡಿಯ ಅಂತರ ಸುಮಾರು 35 ವಿಕಲೆ; ಅದು ಸುಲಭವಾಗಿ ಬೇರ್ಪಡುತ್ತದೆ. ಆದರೆ ಅಲ್ಲಿಯೂ ಬೆಳಕು ಮಿತಿಮೀರಿದರೆ ಹೊನ್ನಿನ ಬಣ್ಣವೂ ನೀಲಿಯೂ ಅಳಿಸಿಹೋಗುತ್ತವೆ. ಮಂಕಾದ ನೀಹಾರಿಕೆಗೆ ಗಂಟೆಗಟ್ಟಲೆ ಕಾಯುವುದೇ ಗುಣವಾದರೆ, ಯಮಳ ನಕ್ಷತ್ರಕ್ಕೆ ಅದೇ ದೋಷ. ಎಷ್ಟು ಬೆಳಕು ಸಾಕೆಂಬುದನ್ನು ನೋಡುವವನೇ ತಿಳಿದು ನಿಲ್ಲಿಸಬೇಕು.

ಮಿಥುನ ರಾಶಿಯ ಕ್ಯಾಸ್ಟರ್ ಜೋಡಿ ಇನ್ನೂ ಇಕ್ಕಟ್ಟು. ಅಂತರ ಐದಾರು ವಿಕಲೆ ಮಾತ್ರ. ಅಷ್ಟೇ ವ್ಯಾಸದ ಸಾಮಾನ್ಯ ದೂರದರ್ಶಕಕ್ಕೆ ತಕ್ಕ ಮಸೂರವಿಟ್ಟರೆ ಕಣ್ಣಿಗೆ ಬೇರೆಬೇರೆಯಾಗಿ ಕಾಣುವ ಈ ಜೋಡಿ, ಈ ಯಂತ್ರದಲ್ಲಿ ಎರಡು ಬಿಂದುಗಳ ಎಡೆಗೆ ಸಿಕ್ಕಿ ಒಂದಾಗಿಬಿಡುತ್ತದೆ. ಆದುದರಿಂದ ಶಾಲೆಗೆ ಜಾಣ ದೂರದರ್ಶಕ ಬಂದಿತೆಂದು ಹಳೆಯದನ್ನು ಕೋಣೆಗೆ ತಳ್ಳುವುದು ತರವಲ್ಲ. ಹೊಸದರಿಂದ ತೆಗೆದ ಚಿತ್ರವೂ ಗೋಡೆಯ ಅಲಂಕಾರವಾಗಿ ಉಳಿಯಬಾರದು. ಅಂತರವನ್ನೂ ದಿಕ್ಕಿನ ಕೋನವನ್ನೂ ಅಳೆದು, ದಿನಾಂಕದೊಡನೆ ಬರೆದಿಡಬೇಕು. ವಿಲಿಯಂ ಹರ್ಷೆಲ್ ಇಂತಹ ಹಳೆಯ ಅಳತೆಗಳನ್ನು ಹೊಸವುಗಳೊಡನೆ ಹೋಲಿಸಿಯೇ ಕ್ಯಾಸ್ಟರ್ ಜೋಡಿ ಒಂದನ್ನೊಂದು ಸುತ್ತುತ್ತಿದೆಯೆಂದು 1803ರಲ್ಲಿ ತೋರಿಸಿದ್ದು. ಆ ಸುತ್ತಿಗೆ ನಾನೂರಕ್ಕೂ ಹೆಚ್ಚು ವರ್ಷ ಬೇಕು. ಹರ್ಷೆಲ್ ಅಳೆದಂದಿನಿಂದ ಇಂದಿನವರೆಗೆ ಒಂದು ಸುತ್ತೂ ಪೂರ್ಣವಾಗಿಲ್ಲ.