ಸಕ್ಕರೆಯ ಲೆಕ್ಕ ಡಬ್ಬಿಯ ಮುಂಬದಿಗೆ ಬರಲಿ

ಬೋರ್ನ್‌ವಿಟಾ ಸೇರಿದಂತೆ ಪಾನೀಯಗಳನ್ನು ‘ಆರೋಗ್ಯ ಪೇಯ’ಗಳ ಪಟ್ಟಿಯಿಂದ ತೆಗೆಯುವಂತೆ ಕೇಂದ್ರ ವಾಣಿಜ್ಯ ಸಚಿವಾಲಯವು 2024ರ ಏಪ್ರಿಲ್‌ನಲ್ಲಿ ಇ–ಕಾಮರ್ಸ್ ತಾಣಗಳಿಗೆ ಸೂಚಿಸಿತು. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಅಂಥ ವರ್ಗವೇ ಇಲ್ಲವಂತೆ! ಅದಕ್ಕೂ ಒಂದು ವರ್ಷ ಮೊದಲು ಬೋರ್ನ್‌ವಿಟಾದ ಸಕ್ಕರೆಯನ್ನು ಪ್ರಶ್ನಿಸಿದ ವಿಡಿಯೊವೊಂದನ್ನು, ಕಂಪನಿಯ ಲೀಗಲ್ ನೋಟಿಸ್ ಬಂದ ಮೇಲೆ, ಮಾಡಿದವರೇ ಅಳಿಸಬೇಕಾಯಿತು. ಆದರೆ ಜನರ ಪ್ರಶ್ನೆ ಅಳಿಯಲಿಲ್ಲ. 2023ರ ಡಿಸೆಂಬರ್ ಹೊತ್ತಿಗೆ ನೂರು ಗ್ರಾಂ ಪುಡಿಗೆ ಬೆರೆಸುವ ಸಕ್ಕರೆ 37.4 ಗ್ರಾಂನಿಂದ 32.2 ಗ್ರಾಂಗೆ ಇಳಿಯಿತು. ಇಳಿದ ಮೇಲೂ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಸಕ್ಕರೆಯೇ.

ಈ ಇಳಿಕೆಯನ್ನು ತಂದದ್ದು ಕಾನೂನಲ್ಲ. ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು. ಆ ಲಾಭ ಏನನ್ನು, ಏನೆಂದು ಹೇಳಿ ಮಾರಿದ್ದರಿಂದ ಬಂತು ಎಂದು ಈ ಸೆಕ್ಷನ್ ಕೇಳುವುದಿಲ್ಲ; ಇಲ್ಲಿ ಕೇಳಿದವರು ಗ್ರಾಹಕರು. ಅವರ ಒತ್ತಡಕ್ಕೂ ಮಿತಿಯಿದೆ. ಸಚಿವಾಲಯದ ಸೂಚನೆಯೂ ಆನ್‌ಲೈನ್ ತಾಣಗಳಿಗಷ್ಟೆ. ಊರಿನ ಕಿರಾಣಿ ಅಂಗಡಿಯಲ್ಲಿ ಮಗುವಿಗೆಂದು ಸಣ್ಣ ಪೊಟ್ಟಣ ಕೊಳ್ಳುವ ತಾಯಿಗೆ, ಅದರ ಹಿಂಬದಿಯ ಇಂಗ್ಲಿಷ್ ಸಣ್ಣಕ್ಷರಗಳಿಂದ ಏನು ಉಪಯೋಗ? ಪೊಟ್ಟಣದ ಮುಂಬದಿಯಲ್ಲಿ ನಕ್ಷತ್ರಗಳ ರೇಟಿಂಗ್ ಹಾಕುವ 2022ರ ಕರಡನ್ನು ಆಹಾರ ಸುರಕ್ಷತಾ ಪ್ರಾಧಿಕಾರ ಕೈಬಿಡಬೇಕು. ಎಷ್ಟು ಕೆಟ್ಟದ್ದಕ್ಕೂ ಒಂದೆರಡು ನಕ್ಷತ್ರ ದಕ್ಕಿದರೆ ಅದೂ ಜಾಹೀರಾತೇ ಆದೀತು. ಸಕ್ಕರೆ, ಉಪ್ಪು, ಕೊಬ್ಬು ಮಿತಿಮೀರಿದ್ದರೆ ಹಾಗೆಂದೇ ದಪ್ಪಕ್ಷರದಲ್ಲಿ, ಆಯಾ ರಾಜ್ಯದ ಭಾಷೆಯಲ್ಲಿ, ಮುಂಬದಿಯಲ್ಲಿ ಮುದ್ರಿಸುವುದನ್ನು ಕಡ್ಡಾಯ ಮಾಡಬೇಕು.