ಮೊದಲು ಒಳಚರಂಡಿ, ಆಮೇಲೆ ಕೆರೆದಂಡೆ

ನಿಂತ ನೀರಲ್ಲಿ ಮೂತ್ರ ಮಾಡುವುದನ್ನು ಪ್ರವಾದಿ(ಸ)ಯವರು ನಿಷೇಧಿಸಿದ್ದಾರೆ. ಮದ್ರಸದ ಪುಟ್ಟ ಮಕ್ಕಳಿಗೂ ನಾವು ಇದನ್ನು ಕಲಿಸುತ್ತೇವೆ. ಆದರೆ ಮಂಗಳೂರಿನ ಗುಜ್ಜರಕೆರೆ ಒಳಚರಂಡಿಯ ಕೊಳಚೆಯಿಂದಲೇ ಕೆಟ್ಟಿತು. ಸುತ್ತಲಿನ ಬಾವಿ ನೀರೂ ಹಾಳಾಗಿದೆ ಎಂಬುದು ಊರವರ ದೂರು. ಸ್ಮಾರ್ಟ್ ಸಿಟಿ ಹಣದಲ್ಲಿ ಕೆರೆಯ ಅಭಿವೃದ್ಧಿ ನಡೆಯಿತು. ದಂಡೆ ಮಾತ್ರ ಚಂದವಾದರೆ ಸಾಕೇ?

ಸರಕಾರದ ಹಣ ಮೊದಲು ನೆಲದಡಿಯ ಪೈಪಿಗೆ ಹೋಗಲಿ. ಬಡವರ ಮನೆಯಿಂದ ಮ್ಯಾನ್‌ಹೋಲ್‌ವರೆಗಿನ ಸಂಪರ್ಕದ ಖರ್ಚನ್ನೂ ಸರಕಾರವೇ ಭರಿಸಲಿ. "ಅವರ ಮನೆ, ಅವರ ಖರ್ಚು" ಅನ್ನುವವರು ಒಂದು ತಿಳಿಯಬೇಕು: ಕೊಳಚೆ ಯಾರ ಕಂಪೌಂಡನ್ನೂ ನೋಡುವುದಿಲ್ಲ. ಒಬ್ಬರ ಗುಂಡಿ ಸೋರಿದರೆ ಹತ್ತು ಮನೆಯ ಬಾವಿ ಕೆಡುತ್ತದೆ.

ನಮ್ಮ ಜಮಾಅತ್‌ಗಳು ಮಸೀದಿಯ ಹೌಳ್ ಶುದ್ಧವಾಗಿಡಲು ಎಷ್ಟು ಕಾಳಜಿ ವಹಿಸುತ್ತವೆ! ಊರ ಕೆರೆಗೂ ಅಷ್ಟೇ ಕಾಳಜಿ ಬೇಕು. ವಾರ್ಡ್ ಸಭೆಗೆ ಹೋಗಿ ಒಟ್ಟಾಗಿ ಕೇಳೋಣ.